ರೆಕ್ಕೆ ತೊಡುವ ಮುನ್ನ 200 ಜಿಗಿತ

ಮಾನ್ಯರೇ,

ವಿಂಗ್‌ಸೂಟ್, ಅಂದರೆ ಕೈಕಾಲುಗಳ ನಡುವೆ ರೆಕ್ಕೆಯಂತೆ ಬಟ್ಟೆ ಇರುವ ಉಡುಪು ತೊಟ್ಟು ಬೆಟ್ಟದ ಅಂಚಿನಿಂದ ಹಾರುವವರ ಚಿತ್ರಗಳನ್ನು ಪತ್ರಿಕೆಗಳು ದೊಡ್ಡದಾಗಿ ಹಾಕುತ್ತವೆ, ಆದರೆ ಅದರ ಹಿಂದಿನ ತಯಾರಿಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಇಂಥ ಹಾರಾಟದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯೂ ಹಾಗೇ ಇತ್ತು.

ಅಮೆರಿಕದ ಪ್ಯಾರಾಶೂಟ್ ಸಂಘದ ನಿಯಮದ ಪ್ರಕಾರ, ಮೊದಲ ಸಲ ವಿಂಗ್‌ಸೂಟ್ ಹಾಕುವ ಮುನ್ನ ವಿಮಾನದಿಂದ ಕನಿಷ್ಠ 200 ಸಲ ಜಿಗಿದಿರಬೇಕು. ಇದು ಸುಮ್ನೆ ಹಾಕಿದ ಲೆಕ್ಕವಲ್ಲ. ಕೈಕಾಲುಗಳ ನಡುವಿನ ಬಟ್ಟೆಯೊಳಗೆ ಗಾಳಿ ತುಂಬಿಕೊಂಡಾಗ ದೇಹ ಮುಂದಕ್ಕೆ ತೇಲುತ್ತದೆ ನಿಜ, ಆದರೆ ಕೈಗಳ ಓಡಾಟಕ್ಕೆ ಅಡ್ಡಿಯಾಗುತ್ತದೆ, ಕೊನೆಗೆ ನೆಲ ಮುಟ್ಟಲು ಪ್ಯಾರಾಶೂಟನ್ನೇ ಬಿಚ್ಚಬೇಕು. ಬೆಟ್ಟದಿಂದ ಹಾರಿದರಂತೂ ತಪ್ಪು ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ. ಈಗಿನ ವಿಂಗ್‌ಸೂಟಿಗೆ ದಾರಿ ಮಾಡಿಕೊಟ್ಟ ಫ್ರಾನ್ಸ್‌ನ ಪ್ಯಾಟ್ರಿಕ್ ಡಿ ಗಯಾರ್ಡನ್ 1998ರಲ್ಲಿ ಹವಾಯಿಯಲ್ಲಿ ಜಿಗಿತದ ವೇಳೆಯೇ ತೀರಿಕೊಂಡರು. ಹೆಸರಾಂತ ಪರ್ವತಾರೋಹಿ ಡೀನ್ ಪಾಟರ್ 2015ರಲ್ಲಿ ಅಮೆರಿಕದ ಯೋಸೆಮಿಟಿಯಲ್ಲಿ ವಿಂಗ್‌ಸೂಟ್ ತೊಟ್ಟು ಹಾರುವಾಗ ತೀರಿಕೊಂಡರು. ಇವರೇನು ಹೊಸಬರಲ್ಲ, ಅಲ್ವಾ?

ಹಾರುವುದೇ ಬೇಡ ಎಂದು ನಾನು ಹೇಳುತ್ತಿಲ್ಲ, ನನಗೂ ನೋಡಲು ಬಲು ಇಷ್ಟ. ಮನೆಯಲ್ಲಿರುವ ಹದಿನೇಳರ ಮಗನಿಗೆ ನನಗಿಂತ ಜಾಸ್ತಿ ಇಷ್ಟ, ಭಯ ಅದೇ! ಇನ್ನು ಮುಂದೆ ಇಂಥ ಚಿತ್ರ ಹಾಕುವಾಗ ಪಕ್ಕದಲ್ಲೇ ಒಂದು ಚಿಕ್ಕ ಚೌಕಟ್ಟಿನಲ್ಲಿ, ಹಾರಿದವರು ಎಷ್ಟು ವರ್ಷ ಕಲಿತರು, ಎಷ್ಟು ಜಿಗಿತ ಮುಗಿಸಿದ್ದರು ಎಂಬುದನ್ನೂ ದಯವಿಟ್ಟು ಮುದ್ರಿಸಿ.

– ಒಬ್ಬ ಓದುಗ, ಮೈಸೂರು