ಗೆಳೆಯನಿಗೊಂದು ಪತ್ರ: 14 ನಿಮಿಷ ಬರೀ ನೀರು ಅಂದೆಯಲ್ಲ

ಮಾರಾಯ,

ಹೊಳೆ ಕಡಲಿಗೆ ಸೇರುವ ಅಳಿವೆ ಬಾಗಿಲಲ್ಲಿ ನಾನು ತೆಗೆದ ವಿಡಿಯೋ ನೋಡಿ ನೀನು ಕಳಿಸಿದ ಮೆಸೇಜು ನೋಡಿದೆ. "14 ನಿಮಿಷ ಬರೀ ನೀರು ತೋರಿಸಿದ್ದೀಯ, ಕೊನೆಗೆ ನಾಲ್ಕು ದೋಣಿ ಬಂದವು, ಮುಗೀತು" ಅಂತ ಬರೆದಿದ್ದೀಯ. ಬೇಜಾರೇನೂ ಆಗಲಿಲ್ಲ. ಮೊದಲ ದಿನ ಅಲ್ಲಿ ನಿಂತಾಗ ನನಗೂ ಹಾಗೇ ಅನ್ನಿಸಿತ್ತು. ಆದರೆ ಆ ನಾಲ್ಕೂ ದೋಣಿ ಒಂದರ ಹಿಂದೆ ಒಂದು ಅದೇ ಹೊತ್ತಿಗೆ ಯಾಕೆ ಬಂದವು, ಹಿಂದಿನ ದಿನ ಆರು ಗಂಟೆ ಕಾದರೂ ಒಂದೂ ಯಾಕೆ ಬರಲಿಲ್ಲ ಅನ್ನೋದು ವಿಡಿಯೋದಲ್ಲಿ ಹೇಳೋಕಾಗಲಿಲ್ಲ. ತಪ್ಪು ನನ್ನದೇ. ಅದಕ್ಕೇ ಈ ಪತ್ರ.

ಜಾಗದ ಹೆಸರು ಹಾಕಿಲ್ಲ, ಬೇಕಂತಲೇ. ಗದ್ದಲ ಇಲ್ಲದ ಜಾಗ, ಹಾಗೇ ಇರಲಿ. ಅದೂ ಅಲ್ಲದೆ ಅಳಿವೆ ಬಾಗಿಲು ಅನ್ನೋದು ಎಲ್ಲಿ ಹೋದರೂ ಹೆಚ್ಚುಕಡಿಮೆ ಒಂದೇ ಥರ ನಡೆದುಕೊಳ್ಳುತ್ತದೆ. ಹೊಳೆ ಕಡಲಿನ ಹತ್ತಿರ ಬಂದು, ನೇರ ಹೋಗದೆ, ಮರಳಿನ ಉದ್ದ ನಾಲಿಗೆಯೊಂದರ ಹಿಂದೆ ಪಕ್ಕಕ್ಕೆ ಹರಿದು, ಆಮೇಲೆ ಒಂದು ಕಿರಿದಾದ ಸಂದಿನಲ್ಲಿ ಹೊರಗೆ ಬೀಳುತ್ತದೆ. ನಾಲಿಗೆಯ ಒಳಗಡೆ ನೀರು ಕನ್ನಡಿ. ಅಲ್ಲೇ ಹಾಯಿದೋಣಿ, ಸಣ್ಣ ಮೋಟಾರು ದೋಣಿ, ಕಯಾಕ್ ಎಲ್ಲ ನಿಂತಿರುತ್ತವೆ. ಅಲೆ ಒಳಗೆ ಬರಲ್ಲ, ತಳದ ಕೆಸರಲ್ಲಿ ಲಂಗರು ಚೆನ್ನಾಗಿ ಕಚ್ಚುತ್ತದೆ, ರಾತ್ರಿ ಮಲಗಿದರೆ ದೋಣಿ ಅಲ್ಲಾಡಲ್ಲ. ದೋಣಿಯವರಿಗೆ ಇನ್ನೇನು ಬೇಕು ಹೇಳು.

ನಾನು ಹೋಗಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಬೆಳಕು ಚೆನ್ನಾಗಿದೆ ಅಂತ ಖುಷಿಪಟ್ಟೆ. ಹೊತ್ತು ತಪ್ಪಾಗಿತ್ತು. ಆವತ್ತು ಎಂಟಕ್ಕೇ ಉಬ್ಬರ ಮುಗಿದು ನೀರು ಇಳಿಯೋಕೆ ಶುರುವಾಗಿತ್ತು, ನಾನು ಬರೀ ಸೂರ್ಯನ ಟೈಮು ನೋಡಿಕೊಂಡು ಹೋಗಿದ್ದೆ, ನೀರಿನ ಟೈಮು ನೋಡಿರಲಿಲ್ಲ. ಎರಡು ಉಬ್ಬರದ ನಡುವೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಚಂದ್ರ ತನ್ನ ದಾರಿಯಲ್ಲಿ ಅಷ್ಟು ಮುಂದೆ ಹೋಗಿರುತ್ತಾನೆ, ಭೂಮಿ ಅವನನ್ನು ಹಿಡಿಯೋಕೆ ಅಷ್ಟು ಜಾಸ್ತಿ ತಿರುಗಬೇಕು. ಶಾಲೆಯಲ್ಲಿ ಓದಿದ್ದೆವು ಅಲ್ವಾ. ಮರಳಿನ ಮೇಲೆ ನಿಂತು ಮತ್ತೆ ಕಲಿತೆ.

ದಡದ ಕಟ್ಟೆ ಮೇಲೆ ಹಿರಿಯರೊಬ್ಬರು ಹಗ್ಗ ಸರಿ ಮಾಡುತ್ತಾ ಕೂತಿದ್ದರು. ದೋಣಿ ಯಾವಾಗ ಬರುತ್ತವೆ ಅಂತ ಕೇಳಿದೆ. "ಬಾಗಿಲು ಈಗ ಮುಚ್ಚಿದೆ. ನಾಳೆ ಬೆಳಿಗ್ಗೆ ತೆಗೆಯುತ್ತದೆ" ಅಂದರು. ನಾನು ಹೊರಗೆ ನೋಡಿದೆ. ಸಂದು ಹಾಗೇ ಇತ್ತು, ಅಗಲವಾಗಿ, ನೀರು ಹರಿಯುತ್ತಾ. ಮುಚ್ಚಿದ್ದು ಎಲ್ಲಿ?

ಅವರು ಕೈ ತೋರಿಸಿದ ಕಡೆ ಲೆನ್ಸ್ ತಿರುಗಿಸಿದೆ. ಬಾಯಿಯಿಂದ ಸ್ವಲ್ಪ ಆಚೆ ಕಡಲಲ್ಲಿ ಒಂದು ಬಿಳಿ ಗೆರೆ. ಅಲ್ಲಿ ನೀರಿನ ಕೆಳಗೆ ಮರಳಿನ ದಿಬ್ಬ. ಹೊಳೆ ಮರಳು ಹೊತ್ತು ತರುತ್ತದೆ, ಕಡಲಿಗೆ ಸೇರಿದ ಕೂಡಲೇ ಅದರ ಓಟ ತಗ್ಗುತ್ತದೆ, ಹೊತ್ತಿದ್ದನ್ನು ಅಲ್ಲೇ ಇಳಿಸುತ್ತದೆ. ಅತ್ತ ಕಡೆಯಿಂದ ಅಲೆಗಳು ಅದನ್ನೇ ಮತ್ತೆ ಒಳಕ್ಕೆ ತಳ್ಳುತ್ತವೆ. ಇಬ್ಬರ ಜಗಳದಲ್ಲಿ ಹುಟ್ಟಿದ್ದು ಆ ದಿಬ್ಬ. ಒಂದು ದೊಡ್ಡ ಬಿರುಗಾಳಿ ಬಂದು ಹೋದರೆ ಜಾಗ ಬದಲಾಯಿಸಿಬಿಡುತ್ತದೆ. ಹೋದ ವರ್ಷದ ನಕ್ಷೆ ಹಿಡಿದು ಬಂದವನು ಮರಳಿಗೆ ಕೂತ ಅಂತಲೇ ಲೆಕ್ಕ.

ನೀರು ಇಳಿಯುವಾಗ ಇದರ ಜೊತೆ ಇನ್ನೊಂದು ತೊಂದರೆ. ಹೊಳೆ ನೀರು, ಒಳಗೆ ತುಂಬಿದ್ದ ಉಬ್ಬರದ ನೀರು ಎರಡೂ ಸೇರಿ ರಭಸದಿಂದ ಹೊರಗೆ ನುಗ್ಗುತ್ತವೆ. ಎದುರಿಂದ ಅಲೆ ಬರುತ್ತಿರುತ್ತದೆ. ಎದುರು ಹರಿವಿಗೆ ಸಿಕ್ಕ ಅಲೆ ಗಿಡ್ಡವಾಗುವ ಬದಲು ಮುದುಡಿಕೊಂಡು ಎತ್ತರವಾಗುತ್ತದೆ, ಕಡಿದಾಗುತ್ತದೆ, ಮುರಿಯುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದರೆ ಅಲೆ ನಿಲ್ಲಲಾರದೆ ಬೀಳುತ್ತದೆ. ಇಳಿತದಲ್ಲಿ ದಿಬ್ಬದ ಮೇಲೆ ಆಳ ಎಲ್ಲಿ ಉಳಿಯಬೇಕು? 7ನೇ ನಿಮಿಷದಲ್ಲಿ ಇದೆ ನೋಡು, ಬಿಳಿ ಗೋಡೆ ಥರ ಕಾಣುತ್ತದಲ್ಲ, ಅದು. ಉದ್ದ ಲೆನ್ಸ್‌ನಲ್ಲಿ ತೆಗೆದಿದ್ದರಿಂದ ಅಲೆಗಳು ಒಂದಕ್ಕೊಂದು ಅಂಟಿಕೊಂಡು ಇನ್ನೂ ಭಯಂಕರ ಕಾಣುತ್ತವೆ, ಅದು ಸ್ವಲ್ಪ ನನ್ನ ಮೋಸ. ಫೋನಿನ ಅಗಲ ಲೆನ್ಸ್‌ನಲ್ಲಿ ಅದೇ ಜಾಗ ತೆಗೆದರೆ ಕೆರೆ ಥರ ಬಂತು, ಅದೂ ಮೋಸವೇ. ಯಾವುದು ಜಾಸ್ತಿ ಸುಳ್ಳು ಅಂತ ಗೊತ್ತಾಗದೆ ಎರಡನ್ನೂ ಹಾಕಿದೆ.

ಆಮೇಲೆ ಅವರು ಹೇಳಿದ ಒಂದು ಮಾತು ನನಗೆ ಹೊಳೆದೇ ಇರಲಿಲ್ಲ. ನಾವು ದಡದಲ್ಲಿ ನಿಂತವರು ಅಲೆಯ ಮುಖ ನೋಡುತ್ತೇವೆ. ಕಡಲ ಕಡೆಯಿಂದ ಬರುವ ದೋಣಿಯವರಿಗೆ ಕಾಣೋದು ಅಲೆಯ ಬೆನ್ನು. ಬೆನ್ನು ನುಣುಪಾಗಿರುತ್ತದೆ. ಬಿಳಿ ನೊರೆ ಆಚೆ ಬದಿಯಲ್ಲಿ ಬಿದ್ದಿರುತ್ತದೆ. ಹೊರಗಿನಿಂದ ನೋಡಿದರೆ ಬಾಗಿಲು ಶಾಂತವಾಗಿದೆ ಅಂತ ಅನ್ನಿಸಿ ಒಳಗೆ ತಿರುಗಿಸಿಬಿಡುತ್ತಾರೆ, ಅರ್ಧ ದಾರಿಗೆ ಬಂದ ಮೇಲೆ ಗೊತ್ತಾಗುತ್ತದೆ, ಆಗ ತಿರುಗಿಸೋಕೆ ಹೋದರೆ ದೋಣಿ ಅಲೆಗೆ ಅಡ್ಡ ಆಗುತ್ತದೆ. ಅದನ್ನು ಕೇಳಿದ ಮೇಲೆ ಮತ್ತೆ ಆ ಬಿಳಿ ಗೆರೆಯನ್ನು ಮೊದಲಿನಂತೆ ನೋಡೋಕಾಗಲಿಲ್ಲ.

ಹೊರಗಿನಿಂದ ಬಾಗಿಲು ಕಾಣದೆ ಮೋಸ ಹೋದವರು ದೊಡ್ಡ ದೊಡ್ಡವರು ಇದ್ದಾರೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕೊಲಂಬಿಯಾ ನದಿ ಇದೆಯಲ್ಲ, 1788ರಲ್ಲಿ ಜಾನ್ ಮೀರ್ಸ್ ಅನ್ನೋ ನಾವಿಕ ಅದರ ಬಾಯಿಯ ಮುಂದೆಯೇ ಬಂದು, ಅಡ್ಡ ಮುರಿಯುವ ಅಲೆ ನೋಡಿ, ಇಲ್ಲಿ ನದಿಯೇ ಇಲ್ಲ ಅಂತ ತೀರ್ಮಾನಿಸಿ ಹೊರಟುಹೋದ. ಹೋಗುವಾಗ ಅಲ್ಲಿನ ಭೂಶಿರಕ್ಕೆ ಕೇಪ್ ಡಿಸಪಾಯಿಂಟ್‌ಮೆಂಟ್, ಅಂದರೆ ನಿರಾಶೆಯ ಭೂಶಿರ, ಅಂತ ಹೆಸರಿಟ್ಟ. ನಾಲ್ಕು ವರ್ಷ ಬಿಟ್ಟು, 1792ರಲ್ಲಿ, ರಾಬರ್ಟ್ ಗ್ರೇ ಅದೇ ದಿಬ್ಬ ದಾಟಿ ಒಳಗೆ ಹೋದ, ತನ್ನ ಹಡಗಿನ ಹೆಸರನ್ನೇ ನದಿಗೆ ಇಟ್ಟ. ಅಷ್ಟು ದೊಡ್ಡ ನದಿ! ಮುಂದೆ ನಿಂತಿದ್ದರೂ ಕಾಣಲಿಲ್ಲ. ಆವತ್ತಿನಿಂದ ಈವರೆಗೆ ಆ ಬಾಯಿಯಲ್ಲಿ, ಸುತ್ತಮುತ್ತ ಸುಮಾರು 2,000 ಹಡಗು, ದೋಣಿ ಹಾಳಾಗಿವೆ. ನಮ್ಮ ಪುಟ್ಟ ಅಳಿವೆಗೆ ಅಂಥ ಖ್ಯಾತಿ ಇಲ್ಲ ಬಿಡು.

ಸರಿ, ಟೈಮ್‌ಲ್ಯಾಪ್ಸ್, ಅಂದರೆ ಗಂಟೆಗಟ್ಟಲೆ ತೆಗೆದ ಫೋಟೋಗಳನ್ನು ಜೋಡಿಸಿ ಬೇಗ ಓಡಿಸಿದ ಭಾಗ. ಅದರ ಬಗ್ಗೆ ಬೈದಿದ್ದೀಯ, ಒಪ್ಪುತ್ತೇನೆ. ಐದು ಸೆಕೆಂಡಿಗೆ ಒಂದು ಫೋಟೋದಂತೆ ಆರು ಗಂಟೆ ಇಟ್ಟೆ, 4,320 ಫೋಟೋ, ಸೆಕೆಂಡಿಗೆ 24ರಂತೆ ಓಡಿಸಿದರೆ ಸರಿಯಾಗಿ ಮೂರು ನಿಮಿಷ. ನೀರು ಇಳಿಯೋದು ನೋಡು: ಮೊದಲು ನಿಧಾನ, ನಡುವೆ ಓಟ, ಕೊನೆಗೆ ಮತ್ತೆ ನಿಧಾನ. ದೋಣಿಯವರು ಇದಕ್ಕೆ ಹನ್ನೆರಡು ಪಾಲಿನ ಲೆಕ್ಕ ಇಟ್ಟುಕೊಂಡಿದ್ದಾರೆ. ಇಳಿಯುವ ನೀರನ್ನು ಹನ್ನೆರಡು ಪಾಲು ಮಾಡಿದರೆ, ಆರು ಗಂಟೆಯಲ್ಲಿ ಗಂಟೆಗೆ ಒಂದು, ಎರಡು, ಮೂರು, ಮೂರು, ಎರಡು, ಒಂದು ಪಾಲು. ಅಂದಾಜೇ, ಆದರೂ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಖಾಲಿ. ವಿಡಿಯೋದಲ್ಲಿ ಇದು ಚೆನ್ನಾಗಿ ಕಾಣಬೇಕಿತ್ತು. ಕಾಣೋದೇನು ಅಂದ್ರೆ ಕಡಲು ನಿಧಾನವಾಗಿ ಎಡಕ್ಕೆ ವಾಲುತ್ತಾ ಹೋಗೋದು. ನಿನ್ನ ಟ್ರೈಪಾಡಿನ ಒಂದು ಕಾಲು ಒದ್ದೆ ಮರಳಲ್ಲಿ ಇಳಿಯುತ್ತಿತ್ತು, ನಾನು ಆ ಹಿರಿಯರ ಜೊತೆ ಮಾತಾಡುತ್ತಾ ಕೂತಿದ್ದೆ.

ಡ್ರೋನ್ ಯಾಕೆ ಹಾರಿಸಲಿಲ್ಲ ಅಂತಲೂ ಕೇಳಿದ್ದೀಯ. ಆ ಮರಳಿನ ನಾಲಿಗೆ ಮೇಲೆ ರೀವ ಹಕ್ಕಿಗಳು ಮೊಟ್ಟೆ ಇಟ್ಟಿದ್ದವು. ಗೂಡು ಅಂತ ಏನೂ ಇರಲ್ಲ, ಮರಳಲ್ಲಿ ಒಂದು ಸಣ್ಣ ತಗ್ಗು ಅಷ್ಟೇ, ಮೊಟ್ಟೆಯ ಬಣ್ಣವೂ ಮರಳಿನದೇ. ಡ್ರೋನ್ ನೋಡಿ ಹೆದರಿ ಎಲ್ಲ ಒಟ್ಟಿಗೆ ಎದ್ದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಬೇಡ ಅನ್ನಿಸಿತು.

ಎರಡನೇ ದಿನ ಆರಕ್ಕೆ ಮುಂಚೆ ಹೋದೆ. ಉಬ್ಬರ ಪೂರ್ತಿ ಆಗೋದು ಒಂಬತ್ತರ ಹತ್ತಿರ. ಏಳಕ್ಕೆಲ್ಲ ಹಿಂದಿನ ದಿನದ ಬಿಳಿ ಗೆರೆ ಇರಲಿಲ್ಲ. ಎಲ್ಲಿ ಹೋಯಿತು ಅಂದರೆ ಎಲ್ಲೂ ಇಲ್ಲ, ದಿಬ್ಬ ಅಲ್ಲೇ ಕೆಳಗಿದೆ, ಮೇಲೆ ನೀರು ಜಾಸ್ತಿ ಆಗಿದೆ. ಒಳಗೆ ಬರುವ ನೀರಿನ ಅಂಚಲ್ಲಿ ನೊರೆಯ ಸಣ್ಣ ದಾರ ಒಂದು, ಒಂದು ಬದಿ ಹೊಳೆಯ ಕಂದು, ಇನ್ನೊಂದು ಬದಿ ಕಡಲಿನ ಹಸಿರು. ಲೆನ್ಸ್ ಮುಂದೆ ಪೋಲರೈಸರ್ ಅನ್ನೋ ಫಿಲ್ಟರ್ ಹಾಕಿ ನೀರಿನ ಹೊಳಪು ಕಡಿಮೆ ಮಾಡಿದ್ದಕ್ಕೆ ಅದು ಸಿಕ್ಕಿತು. ಇಡೀ ವಿಡಿಯೋದಲ್ಲಿ ನನಗೆ ಇಷ್ಟವಾದ ಶಾಟ್ ಅದೊಂದೇ, ಅದನ್ನೇ ನೀನು ಓಡಿಸಿ ನೋಡಿರ್ತೀಯ.

ಆಮೇಲೆ ನಿನ್ನ ನಾಲ್ಕು ದೋಣಿ. ನಾಲ್ಕೂ ನೀರು ಇನ್ನೂ ಏರುತ್ತಿರುವಾಗಲೇ ಬಂದವು, ಪೂರ್ತಿ ತುಂಬೋವರೆಗೆ ಯಾರೂ ಕಾಯಲಿಲ್ಲ. ಏರುವಾಗ ಮರಳಿಗೆ ತಾಗಿದರೆ ಹತ್ತು ನಿಮಿಷ ಸುಮ್ನೆ ಕೂತರೆ ಸಾಕು, ನೀರೇ ಎತ್ತುತ್ತದೆ. ತುಂಬಿ ಇಳಿಯೋಕೆ ಶುರುವಾದ ಮೇಲೆ ತಾಗಿದರೆ ಮುಂದಿನ ಉಬ್ಬರದವರೆಗೆ, ಹತ್ತಿರಹತ್ತಿರ ಹನ್ನೆರಡು ಗಂಟೆ, ಅಲ್ಲೇ ವಾಲಿಕೊಂಡು ಕೂರಬೇಕು. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರದ ತುದಿಯಲ್ಲಿ ಸಿಕ್ಕಿಕೊಂಡರೆ ಇನ್ನೂ ಕಷ್ಟ, ಮುಂದಿನ ಉಬ್ಬರಗಳು ದಿನದಿನಕ್ಕೆ ಸಣ್ಣದಾಗುತ್ತಾ ಹೋಗುತ್ತವೆ, ಎರಡು ವಾರ ಕಾಯಬೇಕಾಗಬಹುದು. ನಾಲ್ಕನೆಯದು, ಆ ಕೆಂಪು ಹಾಯಿದು, ಅರೆ ನಿಮಿಷ ನಿಂತ ಹಾಗೆ ಕಾಣುತ್ತದೆ ಅಲ್ವಾ? ನಿಂತ ಹಾಗಲ್ಲ, ನಿಂತೇ ಇತ್ತು. ತಾಗಿತ್ತು. ದೋಣಿಯಲ್ಲಿದ್ದವರು ಏನೂ ಆಗದವರಂತೆ ಟೋಪಿ ಸರಿ ಮಾಡಿಕೊಂಡರು, ಆಮೇಲೆ ಅದು ಮೆಲ್ಲಗೆ ಎದ್ದು ಮುಂದೆ ಬಂತು. ನಾನು ಉಸಿರು ಹಿಡಿದುಕೊಂಡಿದ್ದೆ, ನೀನು "ದೋಣಿ ಸ್ಲೋ" ಅಂತ ಬರೆದಿದ್ದೀಯ.

ಇನ್ನೊಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಎಡಿಟ್ ಮಾಡುವಾಗ ಒಂದು ಶಾಟನ್ನು ಚೆಂದ ಕಾಣಲಿ ಅಂತ ಎಡಬಲ ಮಗುಚಿದ್ದೆ. ದಾರಿ ತೋರಿಸೋಕೆ ನೀರಲ್ಲಿ ತೇಲಿಬಿಟ್ಟ ಕೆಂಪು, ಹಸಿರು ಗುರುತುಗಳು ಅದರಲ್ಲಿ ಅದಲುಬದಲಾಗಿವೆ. ಒಳಗೆ ಬರುವಾಗ ಪ್ರಪಂಚದ ಜಾಸ್ತಿ ಕಡೆ ಕೆಂಪು ಎಡಕ್ಕೆ. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪ್ಪೀನ್ಸ್‌ನಲ್ಲಿ ಕೆಂಪು ಬಲಕ್ಕೆ. ಅಂದರೆ ನನ್ನ ವಿಡಿಯೋದಲ್ಲಿ ಎಂಟು ಸೆಕೆಂಡು ಖಂಡವೇ ಬದಲಾಗುತ್ತದೆ. ದೋಣಿ ಓಡಿಸುವವರೊಬ್ಬರು ಹಿಡಿದರು, ನಗುತ್ತಲೇ ಹೇಳಿದರು. ಸರಿ ಮಾಡುತ್ತೇನೆ.

ಟ್ರೈಪಾಡನ್ನು ಸಿಹಿನೀರಲ್ಲಿ ಎರಡು ಸಲ ತೊಳೆದಿದ್ದೇನೆ, ಆದರೂ ಕೆಳಗಿನ ತಿರುಪು ಕಿರುಗುಟ್ಟುತ್ತದೆ, ಉಪ್ಪು ಒಳಗೆ ಹೋಗಿರಬೇಕು. ಎಣ್ಣೆ ಹಾಕಿ ಕೊಡುತ್ತೇನೆ. ಅಥವಾ ಇನ್ನೊಂದು ಸಲ ನೀನೇ ಬಾ. ಮುಂದಿನ ಹುಣ್ಣಿಮೆ ಕಳೆದ ಎರಡನೇ ದಿನ, ಬೆಳಕು ಹರಿಯೋ ಮುಂಚೆ ಅಲ್ಲಿರಬೇಕು. ಟ್ರೈಪಾಡ್ ಕಾಲಿನ ಕೆಳಗೆ ಇಡೋಕೆ ಮೂರು ಹಲಗೆ ತುಂಡು ತಗೊಂಡು ಬಾ.