ಎಲುಬಿನೊಳಗೆ ಕೊಬ್ಬು ಯಾಕೆ ಸೇರುತ್ತದೆ ಅಂತಲೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರದ ಆರೋಗ್ಯ ಪುಟದಲ್ಲಿ ಮೂಳೆ ಸವೆತದ ಬಗ್ಗೆ ಓದಿದೆ. ಹಾಲು ಕುಡಿಯಿರಿ, ರಾಗಿ ತಿನ್ನಿ, ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳಿ ಅಂತ ಇತ್ತು. ತಪ್ಪಲ್ಲ. ಆದರೆ ನನ್ನ ಅಮ್ಮನಿಗೆ ಹಾಲಿನ ಕೊರತೆ ಯಾವತ್ತೂ ಇರಲಿಲ್ಲ, ಮನೆಯಲ್ಲೇ ದನ ಇದೆ. ಹಾಗಿದ್ದೂ ಹೋದ ಮಳೆಗಾಲ ಅಂಗಳದಲ್ಲಿ ಜಾರಿ ಬಿದ್ದದ್ದಷ್ಟೇ, ಸೊಂಟದ ಎಲುಬು ಮುರಿಯಿತು. "ಇಷ್ಟು ಹಾಲು ಕುಡಿದೂ ಮುರಿದದ್ದು ಯಾಕೆ ಮಗಾ?" ಅಂತ ಕೇಳಿದರು. ಆ ಪ್ರಶ್ನೆ ಹಿಡಿದು ಹುಡುಕಿದಾಗ ಗೊತ್ತಾದದ್ದನ್ನು ಬರೆಯುತ್ತಿದ್ದೇನೆ.

ಎಲುಬಿನ ಮಜ್ಜೆಯಲ್ಲಿ, ಅಂದರೆ ಒಳಗಿನ ಮೆತ್ತನೆಯ ಭಾಗದಲ್ಲಿ, ಒಂದು ಬಗೆಯ ಕಾಂಡಕೋಶಗಳಿವೆ, ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳು (ರಕ್ತ ಮಾಡುವವು ಬೇರೆ, ಇವು ಬೇರೆ). ಅವು ಎಲುಬು ಕಟ್ಟುವ ಕೋಶವೂ ಆಗಬಹುದು, ಕೊಬ್ಬಿನ ಕೋಶವೂ ಆಗಬಹುದು. ಮನುಷ್ಯರ ಮಜ್ಜೆಯಿಂದ ತೆಗೆದ ಕೋಶಗಳನ್ನು ಬೆಳೆಸಿ 1999ರಲ್ಲಿ ಇದನ್ನು ತೋರಿಸಿದ್ದಾರೆ. ಕೋಶದೊಳಗೆ ರಂಕ್ಸ್-2 ಅನ್ನುವ ಪ್ರೋಟೀನ್ ಜೋರಾದರೆ ಅದು ಎಲುಬಿನ ಕಡೆ ಹೋಗುತ್ತದೆ, ಪಿಪಿಎಆರ್-ಗಾಮಾ ಅನ್ನುವ ಇನ್ನೊಂದು ಪ್ರೋಟೀನ್ ಜೋರಾದರೆ ಕೊಬ್ಬಿನ ಕಡೆ. ರಂಕ್ಸ್-2 ಇಲ್ಲದೆ ಹುಟ್ಟಿದ ಇಲಿಮರಿಗಳಲ್ಲಿ ಗಟ್ಟಿ ಎಲುಬೇ ಆಗಲಿಲ್ಲ, ಅದು 1997ರಲ್ಲೇ ಗೊತ್ತಾಗಿದೆ.

ನನಗೆ ತುಂಬಾ ಅಚ್ಚರಿ ಆದದ್ದು 2004ರ ಇನ್ನೊಂದು ಪ್ರಯೋಗ. ಇದೇ ಕೋಶಗಳನ್ನು ಚಿಕ್ಕ ಜಾಗದಲ್ಲಿ ಉರುಟಾಗಿ ಕೂರಿಸಿದರೆ ಕೊಬ್ಬಾದವು, ಅಗಲವಾಗಿ ಹರಡಿಕೊಳ್ಳಲು ಬಿಟ್ಟರೆ ಎಲುಬಾದವು. ಅಂದರೆ ಕೋಶಕ್ಕೆ ಎಳೆತ, ಭಾರ ಎಲ್ಲ ಗೊತ್ತಾಗುತ್ತದೆ ಅಲ್ವಾ. ಭಾರ ಬೀಳದಿದ್ದರೆ ಕೋಶ ಕೊಬ್ಬಿನ ಕಡೆ ವಾಲುತ್ತದೆ, ನಡೆದಾಡದೆ ಮಲಗಿಯೇ ಇದ್ದವರ ಎಲುಬು ಬೇಗ ಸಪೂರ ಆಗುವುದಕ್ಕೆ ಇದೂ ಒಂದು ಕಾರಣ. ವಯಸ್ಸಾದ ಹಾಗೆ ಮಜ್ಜೆಯಲ್ಲಿ ಕೊಬ್ಬು ಹೇಗೂ ಜಾಸ್ತಿ ಆಗುತ್ತದೆ.

ಅಮ್ಮನ ವಿಷಯದಲ್ಲಿ ಇನ್ನೂ ಒಂದು ಇತ್ತು. ದಮ್ಮಿಗೆ ಅಂತ ಯಾವಾಗಲೋ ಬರೆದುಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು, ಹಳೇ ಚೀಟಿ ತೋರಿಸಿ ಅಂಗಡಿಯಿಂದ ತರಿಸಿ, ವರ್ಷಗಟ್ಟಲೆ ನುಂಗಿದ್ದರು. ಸ್ಟೀರಾಯ್ಡ್ ಜಾಸ್ತಿ ದಿನ ಹೋದರೆ ಈ ಕಾಂಡಕೋಶಗಳನ್ನು ಕೊಬ್ಬಿನ ಕಡೆಗೆ ತಳ್ಳುತ್ತದೆ, ಎಲುಬು ಕಟ್ಟುವ ಕೋಶಗಳನ್ನೂ ಸಾಯಿಸುತ್ತದೆ. ಇದನ್ನು ನಮಗೆ ಯಾರೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಕಾಗದ ಮಲಯಾಳದಲ್ಲಿತ್ತು. ಅಮ್ಮ ಕಲಿತದ್ದು ಕನ್ನಡ ಶಾಲೆಯಲ್ಲಿ, ಅವರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಮ್ಮ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಅವರ ಪ್ರಾಯದವರು ಹೀಗೆ ತುಂಬಾ ಜನ ಇದ್ದಾರೆ.

ಸ್ಟೀರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ದಮ್ಮು ಕಟ್ಟಿದಾಗ ಅದು ಜೀವ ಉಳಿಸುತ್ತದೆ. ಸುಮ್ನೆ ಹೆದರಿ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಡಾಕ್ಟರನ್ನು ಕೇಳಿಯೇ ಕಡಿಮೆ ಮಾಡಬೇಕು, ಎಲುಬಿನ ಪರೀಕ್ಷೆ ಬೇಕಾ ಅಂತಲೂ ಕೇಳಬೇಕು. ಇಷ್ಟನ್ನಾದರೂ ನಿಮ್ಮ ಆರೋಗ್ಯ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ. ಅಮ್ಮ ಈಗ ವಾಕರ್ ಹಿಡಿದು ಜಗಲಿವರೆಗೆ ಬಂದು ಪೇಪರ್ ಓದುತ್ತಾರೆ.

— ಒಬ್ಬ ಓದುಗ, ಪೆರ್ಲ, ಕಾಸರಗೋಡು ಜಿಲ್ಲೆ