‘ಒಗ್ಗಟ್ಟಿನಿಂದ ಆಡಿ’ ಎಂದರೆ ಯಾರು ಎಲ್ಲಿಗೆ ಹೋಗಬೇಕು?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಯುವ ಪುಟದಲ್ಲಿ ಆನ್‌ಲೈನ್ ಗುಂಪು ಆಟಗಳಲ್ಲಿ ಗೆಲ್ಲುವುದು ಹೇಗೆ ಎಂಬ ಬರಹ ಬಂದಿತ್ತು. ಒಗ್ಗಟ್ಟಿನಿಂದ ಆಡಿ, ಪರಸ್ಪರ ಮಾತನಾಡುತ್ತಿರಿ, ಗಾಬರಿಯಾಗಬೇಡಿ, ಎದುರಾಳಿಯ ದೌರ್ಬಲ್ಯ ಅರಿಯಿರಿ ಎಂದು ಅದರಲ್ಲಿ ಬರೆದಿತ್ತು. ಇವುಗಳಲ್ಲಿ ಒಂದೂ ಸುಳ್ಳಲ್ಲ. ಇದನ್ನೇ ಮದುವೆ ಮನೆಯ ಬಡಿಸುವವರಿಗೂ ಹೇಳಬಹುದು, ಪಂಚಾಯಿತಿ ಚುನಾವಣೆಗೆ ನಿಂತವರಿಗೂ ಹೇಳಬಹುದು. ಮೂರು ನಿಮಿಷದಲ್ಲಿ ದಾಳಿ ಮುಗಿಸಬೇಕಾದ ಹುಡುಗನಿಗೆ ಮಾತ್ರ ಇದರಿಂದ ಎಳ್ಳಷ್ಟೂ ಉಪಯೋಗವಿಲ್ಲ.

ನನಗೆ 66 ವರ್ಷ. ಈ ಜಿಲ್ಲೆಯ ಬಸ್ ಡಿಪೊಗಳಲ್ಲಿ 31 ವರ್ಷ ದುಡಿದು, ಸಂಚಾರ ನಿಯಂತ್ರಕನಾಗಿ ನಿವೃತ್ತನಾದವನು. ಇಂಥವನಿಗೆ ಮೊಬೈಲ್ ಆಟದ ಗೊಡವೆ ಏಕೆ ಎಂದು ನನ್ನ ಹೆಂಡತಿಯೇ ಕೇಳುತ್ತಾಳೆ. 2020ರ ಲಾಕ್‌ಡೌನ್‌ನಲ್ಲಿ ಮಗಳು ಮಗನನ್ನು ಕರೆದುಕೊಂಡು ಮಂಡ್ಯಕ್ಕೆ ಬಂದು ಮೂರು ತಿಂಗಳು ನಮ್ಮಲ್ಲೇ ಉಳಿದಳು. ಆಗ 13 ವರ್ಷದವನಾಗಿದ್ದ ಮೊಮ್ಮಗ, ಚೌಕಾಬಾರದಲ್ಲಿ ನನ್ನ ಕೈಯಲ್ಲಿ ಸೋತು ಸೋತು ಬೇಸತ್ತು, ‘ತಾತ, ಇದನ್ನು ಆಡಿ ನೋಡೋಣ’ ಎಂದು ಕ್ಲ್ಯಾಷ್ ಆಫ್ ಕ್ಲ್ಯಾನ್ಸ್ ಹಾಕಿಕೊಟ್ಟ. ಅವನು ಈಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ನಾನು ಇನ್ನೂ ಆಡುತ್ತಿದ್ದೇನೆ. ಮದ್ದೂರು, ಮಳವಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣದವರೆಲ್ಲ ಇರುವ ನಮ್ಮ ಕ್ಲ್ಯಾನಿನ, ಅಂದರೆ ಆಟಗಾರರ ಗುಂಪಿನ, ಯುದ್ಧಕ್ಕೆ ಯೋಜನೆ ಬರೆದುಕೊಡುವ ಕೆಲಸವೂ ನನ್ನ ಪಾಲಿಗೇ ಬಂದಿದೆ.

ಆಟ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಫಿನ್‌ಲ್ಯಾಂಡಿನ ಸೂಪರ್‌ಸೆಲ್ ಕಂಪನಿ 2012ರಲ್ಲಿ ಹೊರತಂದ ಈ ಆಟದಲ್ಲಿ ಒಂದು ಕ್ಲ್ಯಾನಿನಲ್ಲಿ 50 ಮಂದಿಯವರೆಗೆ ಇರಬಹುದು. 2014ರಿಂದ ಕ್ಲ್ಯಾನ್‌ಗಳ ನಡುವಿನ ಯುದ್ಧ ನಡೆಯುತ್ತಿದೆ: ಒಂದು ದಿನ ತಯಾರಿ, ಮರುದಿನ ಕಾಳಗ. ಸಾಮಾನ್ಯ ಯುದ್ಧದಲ್ಲಿ ಒಬ್ಬೊಬ್ಬರಿಗೂ ಎರಡು ದಾಳಿ. ಎದುರಾಳಿಯ ಬೇಸ್‌ಗಳಿಗೆ (ಬೇಸ್ ಎಂದರೆ ಒಬ್ಬೊಬ್ಬ ಆಟಗಾರ ಕಟ್ಟಿಕೊಂಡ ಊರು) ಬಲದ ಕ್ರಮದಲ್ಲಿ ಸಂಖ್ಯೆ ಇರುತ್ತದೆ, 1 ಎಂದರೆ ಎಲ್ಲಕ್ಕಿಂತ ಗಟ್ಟಿ. ಅರ್ಧ ಭಾಗ ಕೆಡವಿದರೆ ಒಂದು ಸ್ಟಾರ್, ಊರಿನ ಮುಖ್ಯ ಕಟ್ಟಡವಾದ ಟೌನ್ ಹಾಲ್ ಬಿದ್ದರೆ ಒಂದು, ಪೂರ್ತಿ ನೆಲಸಮವಾದರೆ ಮತ್ತೊಂದು. ಒಂದು ಬೇಸ್ ಮೇಲೆ ಎಷ್ಟು ಜನ ಬಿದ್ದರೂ ಅತ್ಯುತ್ತಮ ದಾಳಿಯೊಂದೇ ಲೆಕ್ಕಕ್ಕೆ. ಈ ಕೊನೆಯ ನಿಯಮವೇ ನನ್ನ ಮಾನ ಕಳೆದದ್ದು.

ಮೊದಲ ಸಲ ಯೋಜನೆ ಬರೆಯಲು ಕುಳಿತಾಗ ನಾಲ್ಕು ಪುಟ ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಎಂಬ ಜಂಬ ಬೇರೆ. ಮಾರ್ಟರ್ ಎಂದರೇನು, ಆರ್ಚರ್ ಟವರ್ ಎಷ್ಟು ದೂರ ಹೊಡೆಯುತ್ತದೆ, ಎದುರಾಳಿಗಳ ಹಿಂದಿನ ಯುದ್ಧಗಳು ಏನಾದವು, ಎಲ್ಲವನ್ನೂ ಬರೆದು, ಚಿತ್ರ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಹದಿನೈದು ಜನ ಹೆಬ್ಬೆರಳು ಎತ್ತಿದರು. ಮರುದಿನ 3ನೇ ಬೇಸ್ ಮೇಲೆ ಮೂವರು ಮುಗಿಬಿದ್ದರು. 8 ಮತ್ತು 9ರ ಕಡೆಗೆ ಯಾರೂ ತಿರುಗಿಯೂ ನೋಡಲಿಲ್ಲ. ಅವರದು 34 ಸ್ಟಾರ್, ನಮ್ಮದು 31. ‘ಸರ್, ನೀವು ಬರೆದದ್ದು ತುಂಬಾ ಚೆನ್ನಾಗಿತ್ತು’ ಎಂದ ಮದ್ದೂರಿನ ಹುಡುಗ. ‘ಎರಡನೇ ಪುಟದವರೆಗೆ ಓದಿದೆ. ನನ್ನ ನಂಬರು ಮೂರನೇ ಪುಟದಲ್ಲಿತ್ತಂತೆ.’

ಆ ರಾತ್ರಿ ನಿದ್ದೆ ಬರಲಿಲ್ಲ. ಸೋಲಿಗಿಂತ ಹೆಚ್ಚಾಗಿ, ಇಷ್ಟು ವರ್ಷ ಮಾಡಿದ ಕೆಲಸವನ್ನೇ ಮರೆತೆನಲ್ಲ ಎಂಬ ನಾಚಿಕೆ ಕಾಡಿತು. ಡಿಪೊದ ಷೆಡ್ಯೂಲ್ ಹಾಳೆಯಲ್ಲಿ ‘ಬೆಳಿಗ್ಗೆ ಬೇಗ ಹೊರಡಿ, ಪ್ರಯಾಣಿಕರ ಹಿತ ಕಾಯಿರಿ’ ಎಂದು ಯಾರೂ ಬರೆಯುವುದಿಲ್ಲ. ಬಸ್ ಸಂಖ್ಯೆ, ಚಾಲಕ, ನಿರ್ವಾಹಕ, 5.40ಕ್ಕೆ ಬಿಡುವುದು, 6.25ಕ್ಕೆ ಮಳವಳ್ಳಿ. ಚಾಲಕ ಆ ಹಾಳೆಯನ್ನು ಬೆಳಗಿನ ಜಾವದ ಮಂದ ದೀಪದಲ್ಲಿ, ಒಂದು ಕೈಯಲ್ಲಿ ಟೀ ಲೋಟ ಹಿಡಿದು ಓದುತ್ತಾನೆ. ತನ್ನ ಸಾಲು ಸಿಕ್ಕರೆ ಅವನಿಗೆ ಸಾಕು. ಆಟದ ಯೋಜನೆ ಓದುವವನೂ ಹಾಗೆಯೇ. ಕಾಲೇಜು ಬಸ್ಸಿನಲ್ಲಿ ನಿಂತು, ಇಲ್ಲವೇ ಅಂಗಡಿಯಲ್ಲಿ ಗಿರಾಕಿಗೆ ಚಿಲ್ಲರೆ ಕೊಡುವ ನಡುವೆ ಓದುತ್ತಾನೆ.

ಈಗ ನಾನು ಒಬ್ಬೊಬ್ಬರಿಗೆ ಒಂದೊಂದು ಚೀಟಿ ಬರೆಯುತ್ತೇನೆ. ಮಾದರಿಗೆ ಒಂದನ್ನು ಕೊಡುತ್ತೇನೆ (ಜೈಂಟ್, ವಾಲ್ ಬ್ರೇಕರ್, ವಿಝರ್ಡ್, ಗಾಯ ಮಾಯಿಸುವ ಹೀಲರ್ ಇವು ನಮ್ಮ ಪಡೆಗಳು; ಏರ್ ಡಿಫೆನ್ಸ್ ಎಂದರೆ ಹಾರುವ ಪಡೆಯನ್ನು ಹೊಡೆಯುವ ಎದುರಾಳಿಯ ಕಟ್ಟಡ):

‘ಮದ್ದೂರು: 9ನೇ ಬೇಸ್. ರಾತ್ರಿ 8ರ ಒಳಗೆ. ಕೆಳಗಿನ ಎಡ ಮೂಲೆಯಿಂದ. ಮೊದಲು ಎರಡೂ ಬದಿಯ ಹೊರಗಿನ ಕಟ್ಟಡಗಳನ್ನು ತೆಗೆಯಬೇಕು. ಆಮೇಲೆ ಜೈಂಟ್, ಹಿಂದೆ ವಾಲ್ ಬ್ರೇಕರ್, ಅದರ ಹಿಂದೆ ವಿಝರ್ಡ್. ಎಡಗಡೆಯ ಏರ್ ಡಿಫೆನ್ಸ್ ಬೀಳುವವರೆಗೆ ಹೀಲರ್ ಬಿಡಬಾರದು, ಬಿಟ್ಟರೆ ಒಂದೂ ಉಳಿಯುವುದಿಲ್ಲ. ಅರ್ಧ ಸಮಯ ಕಳೆದರೂ ಗೋಡೆ ಒಡೆಯದಿದ್ದರೆ ಮೂರು ಸ್ಟಾರ್ ಆಸೆ ಬಿಟ್ಟು ಹೊರಗಿನಿಂದ ಶೇ 50 ದಾಟಿಸಬೇಕು.’

ಇಷ್ಟೇ. ಬದಿಯ ಕಟ್ಟಡಗಳನ್ನು ಮೊದಲು ಏಕೆ ತೆಗೆಯಬೇಕು ಎಂಬುದು ಚೀಟಿಯಲ್ಲಿ ಇಲ್ಲ. ಜೈಂಟ್ ರಕ್ಷಣಾ ಕಟ್ಟಡಗಳನ್ನೇ ಹುಡುಕಿಕೊಂಡು ಒಳಗೆ ಹೋಗುತ್ತದೆ. ವಿಝರ್ಡ್ ಮಾತ್ರ ಹತ್ತಿರ ಯಾವ ಕಟ್ಟಡವಿದೆಯೋ ಅದಕ್ಕೆ ಬೆಂಕಿ ಹಾಕುತ್ತದೆ. ಬದಿಯಲ್ಲಿ ಕಟ್ಟಡ ಉಳಿದಿದ್ದರೆ ವಿಝರ್ಡ್‌ಗಳು ಬೇಸಿನ ಸುತ್ತ ಪ್ರದಕ್ಷಿಣೆ ಹಾಕುತ್ತವೆ, ಒಳಗೆ ಹೋದ ಜೈಂಟ್‌ಗಳು ಅನಾಥವಾಗಿ ಸಾಯುತ್ತವೆ. ಇದು ನಮ್ಮವರಿಗೆಲ್ಲ ಗೊತ್ತು, ಆದ್ದರಿಂದ ಬರೆಯುವ ಅಗತ್ಯವಿಲ್ಲ. ಹೀಲರ್ ವಿಷಯದಲ್ಲಿ ಮಾತ್ರ ಕಾರಣ ಬರೆದಿದ್ದೇನೆ. ಜೈಂಟ್‌ಗಳು ಏಟು ತಿನ್ನುವುದನ್ನು ನೋಡಿದ ಕೂಡಲೇ ಆ ಹುಡುಗನ ಕೈ ತಡೆಯುವುದಿಲ್ಲ, ಹಾರುವ ಹೀಲರ್‌ಗಳನ್ನು ಬಿಟ್ಟೇಬಿಡುತ್ತಾನೆ. ಓದಿದವನು ಎಲ್ಲಿ ಮೀರುತ್ತಾನೋ ಅಲ್ಲಿಗೆ ಮಾತ್ರ ಕಾರಣ ಬೇಕು. ಉಳಿದ ಕಾರಣಗಳು ಬರೆದವನ ಪಾಂಡಿತ್ಯ ಪ್ರದರ್ಶನ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕಷ್ಟವಿದೆ. ನಮ್ಮ ಗುಂಪಿನಲ್ಲಿ ಹತ್ತನೆಯ ತರಗತಿಯ ಹುಡುಗನೂ ಇದ್ದಾನೆ, ಪಾಂಡವಪುರದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರೂ ಇದ್ದಾರೆ. ‘ಬಿಡು’ ಎಂದರೆ ಅವರಿಗೆ ಬೇಸರ, ‘ಬಿಡಿ’ ಎಂದರೆ ಇವನಿಗೆ ನಗು. ಆದ್ದರಿಂದ ‘ಬಿಡಬೇಕು’. ಒಮ್ಮೆ ಕನ್ನಡಾಭಿಮಾನ ಉಕ್ಕಿ ವಾಲ್ ಬ್ರೇಕರ್ ಅನ್ನು ‘ಗೋಡೆಭಂಜಕ’ ಎಂದು ಬರೆದೆ. ಯುದ್ಧದ ನಡುವೆ ನಾಲ್ವರು ಫೋನ್ ಮಾಡಿ ಅದು ಹೊಸ ಪಡೆಯೇ ಎಂದು ಕೇಳಿದರು. ಪರದೆಯ ಮೇಲೆ ಏನು ಹೆಸರಿದೆಯೋ ಅದೇ ಚೀಟಿಯಲ್ಲೂ ಇರಬೇಕು. ವಾಕ್ಯ ಕನ್ನಡದ್ದಾದರೆ ಸಾಲದೆ?

ಚೀಟಿಯ ಕೊನೆಯ ಸಾಲು, ಅಂದರೆ ‘ಹೀಗಾಗದಿದ್ದರೆ’ ಎಂಬ ಸಾಲು, ನಾನು ಮೇಲುಕೋಟೆಯಿಂದ ಕಲಿತದ್ದು. ವೈರಮುಡಿ ಉತ್ಸವದ ರಾತ್ರಿ ವಿಶೇಷ ಬಸ್‌ಗಳ ಉಸ್ತುವಾರಿ ಎಂಟು ವರ್ಷ ನನ್ನದಾಗಿತ್ತು. ಮೊದಲ ವರ್ಷ ಎಲ್ಲ ಬಸ್‌ಗಳೂ ಸರಿಯಾಗಿ ಓಡುತ್ತವೆ ಎಂಬ ನಂಬಿಕೆಯ ಮೇಲೆ ವೇಳಾಪಟ್ಟಿ ಮಾಡಿದ್ದೆ. ಜಕ್ಕನಹಳ್ಳಿ ದಾಟಿ ಏರು ಹತ್ತುವಾಗ ಒಂದು ಬಸ್ ಕೆಟ್ಟು ನಿಂತಿತು. ಹಿಂದಿನ ಆರು ಬಸ್‌ಗಳ ಚಾಲಕರು ಇಳಿದು ಏನು ಮಾಡುವುದೆಂದು ಪರಸ್ಪರ ಕೇಳುತ್ತಾ ನಿಂತರು. ತಪ್ಪು ಅವರದಲ್ಲ, ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮುಂದಿನ ವರ್ಷದಿಂದ ಬಸ್ ಕೆಟ್ಟರೆ ಜನರನ್ನು ಯಾವ ಬಸ್ಸಿಗೆ ಹತ್ತಿಸಬೇಕು, ಸ್ಪೇರ್ ಬಸ್ ಎಲ್ಲಿ ನಿಂತಿರುತ್ತದೆ ಎಂದು ಹಾಳೆಯ ಕೆಳಗೆ ಬರೆದೆ. ಯುದ್ಧದಲ್ಲಿ ನನ್ನ ಸ್ಪೇರ್ ಬಸ್ ಎಂದರೆ ನುರಿತ ಮೂವರ ಎರಡನೇ ದಾಳಿ. ಅದನ್ನು ಕೊನೆಯ ಎರಡು ಗಂಟೆಗೆ ಕಾದಿಡುತ್ತೇವೆ. ಬೇಸಿನೊಳಗೆ ಅಡಗಿರುವ ಬಾಂಬುಗಳು ಸಿಡಿದಾಗಲೇ ಗೊತ್ತಾಗುವುದು. ಮೊದಲು ಹೋದವನು ಸೋತರೂ ಅವು ಎಲ್ಲಿವೆ ಎಂದು ತೋರಿಸಿ ಸೋಲುತ್ತಾನೆ. ಅವನ ದಾಳಿಯನ್ನು ಮತ್ತೆ ನೋಡಿ ಎರಡನೆಯವನ ಚೀಟಿಯನ್ನು ತಿದ್ದಬೇಕು. ಯುದ್ಧ ಶುರುವಾದ ಮೇಲೆ ತಿದ್ದದ ಯೋಜನೆಯನ್ನು ನಾನು ನಂಬುವುದಿಲ್ಲ.

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಗುಂಡಿನ ಕಾಳಗದ ಆಟ ಆಡುವ ಮೊಮ್ಮಗನ ಕಥೆ ಬೇರೆ. ಅಲ್ಲಿ ನಾಲ್ವರು ಒಟ್ಟಿಗೆ ಇಳಿಯುತ್ತಾರೆ, ಮೈದಾನದಲ್ಲಿ ನೂರು ಜನ ಇರುತ್ತಾರೆ, ಚೀಟಿ ತಿದ್ದುವಷ್ಟು ಪುರುಸೊತ್ತು ಇರುವುದಿಲ್ಲ. ಒಮ್ಮೆ ದಸರಾ ರಜೆಯಲ್ಲಿ ಅವನ ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡೆ. ‘ಅಲ್ಲಿ! ಮರದ ಹಿಂದೆ!’ ಎಂದು ಒಬ್ಬ ಕೂಗುತ್ತಿದ್ದ. ಎರಾಂಗೆಲ್ ಎಂಬ ಆ ಮೈದಾನ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಎಷ್ಟು ಮರಗಳಿರಬಹುದು! ಪರದೆಯ ಮೇಲ್ತುದಿಯಲ್ಲಿ ದಿಕ್ಸೂಚಿಯ ಅಂಕಿಗಳು ಓಡುತ್ತಿರುತ್ತವೆ. ‘240, ಮರ’ ಎಂದರೆ ಮೂವರೂ ಒಂದೇ ಕಡೆ ತಿರುಗಬಹುದು. ಅವರಿಗೆ ನಾನು ಬರೆದುಕೊಟ್ಟದ್ದು ಯುದ್ಧದ ಯೋಜನೆಯನ್ನಲ್ಲ, ಆರು ಮಾತುಗಳ ಪಟ್ಟಿಯನ್ನು. ದಿಕ್ಕು ಹೇಳುವುದು ಅಂಕಿಯಲ್ಲಿ, ಜಾಗ ಬಿಡುವ ಮಾತು ಒಬ್ಬನದೇ, ಗೆಳೆಯ ಬಿದ್ದರೆ ಮೊದಲು ಮರೆಗೆ ಹೊಗೆ ಬಾಂಬ್, ಆಮೇಲೆ ಎಬ್ಬಿಸುವುದು, ಹೀಗೆ. ಅವರು ಇನ್ನೂ ಕೂಗುತ್ತಾರೆ, ಆದರೆ ಈಗ ಅಂಕಿ ಕೂಗುತ್ತಾರೆ.

ಅವನೇ ಒಂದು ಹಳೆಯ ವಿಡಿಯೊ ತೋರಿಸಿದ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಆರಂಭದ ವರ್ಷಗಳಲ್ಲಿ 40 ಮಂದಿ ಒಟ್ಟಾಗಿ ಒಬ್ಬ ದೈತ್ಯನ ಮೇಲೆ ಬೀಳಬೇಕಾದ ಕಾಳಗಗಳಿದ್ದವು: ಏಟು ತಿನ್ನುವವರು ಕೆಲವರು, ಗಾಯ ಮಾಯಿಸುವವರು ಕೆಲವರು, ಹೊಡೆಯುವವರು ಉಳಿದವರು. 2005ರ ಆ ವಿಡಿಯೊದಲ್ಲಿ ಗುಂಪೊಂದು ಬಾಗಿಲಲ್ಲಿ ನಿಂತು ದೀರ್ಘವಾಗಿ ಯೋಜನೆ ಚರ್ಚಿಸುತ್ತದೆ, ಬದುಕುಳಿಯುವ ಸಾಧ್ಯತೆಯನ್ನು ದಶಮಾಂಶದವರೆಗೆ ಲೆಕ್ಕ ಹಾಕುತ್ತದೆ. ಅಷ್ಟರಲ್ಲಿ ಒಬ್ಬ ತನ್ನ ಹೆಸರನ್ನೇ ಕೂಗುತ್ತಾ ಒಳಗೆ ನುಗ್ಗುತ್ತಾನೆ, ಎಲ್ಲರೂ ಸಾಯುತ್ತಾರೆ. ಅದು ನಗಿಸಲೆಂದೇ ಮಾಡಿದ್ದೆಂದು ಅನಂತರ ಗೊತ್ತಾಯಿತು. ಜಗತ್ತು ನುಗ್ಗಿದವನನ್ನು ನೋಡಿ ನಕ್ಕಿತು. ನನಗೆ ಕಂಡದ್ದು ಬೇರೆ. ಚರ್ಚೆ ನಡೆಯುವಾಗ ಆ ಮನುಷ್ಯ ತಿನ್ನಲು ಏನೋ ತರಲು ಎದ್ದು ಹೋಗಿದ್ದ. ವಾಪಸು ಬಂದವನಿಗೆ ‘ನೀನು ಇಂಥವರ ಹಿಂದೆ, ಇಂಥ ಹೊತ್ತಿಗೆ’ ಎಂಬ ಒಂದು ಸಾಲು ಎಲ್ಲೂ ಬರೆದಿಟ್ಟಿರಲಿಲ್ಲ. ಊಟಕ್ಕೆ ಎದ್ದು ಹೋದವನಿಗಾಗಿಯೇ ಬರೆಯಬೇಕು ಸ್ವಾಮಿ. ಕುಳಿತು ಕೇಳಿಸಿಕೊಂಡವನಿಗೆ ಬರಹ ಏಕೆ ಬೇಕು?

ಚೀಟಿಯ ನೆತ್ತಿಯ ಮೇಲೆ ತಾರೀಖು ಹಾಕುವುದನ್ನು ಮರೆಯಬಾರದು. ಈ ಆಟಗಳು ಆಗಾಗ ಬದಲಾಗುತ್ತವೆ. ಪಡೆ ತಯಾರಾಗಲು ಕಾಯುವ ಸಮಯವನ್ನು ಹೇಗೆ ಹೊಂದಿಸಬೇಕೆಂದು ನಾನು ಹಿಂದೆ ಬರೆದಿದ್ದ ಎರಡು ಪುಟ, 2025ರ ಮಾರ್ಚ್‌ನಲ್ಲಿ ಕ್ಲ್ಯಾಷ್‌ನವರು ಆ ಕಾಯುವಿಕೆಯನ್ನೇ ತೆಗೆದುಹಾಕಿದಾಗ ರದ್ದಿಯಾಯಿತು. ಹೋದ ವರ್ಷದ ವೇಳಾಪಟ್ಟಿ ನಿಲ್ದಾಣದ ಗೋಡೆಯ ಮೇಲೆ ಉಳಿದರೆ ಬಸ್ ತಪ್ಪಿಸಿಕೊಂಡವರ ಬೈಗುಳ ಯಾರಿಗೆ ಬೀಳುತ್ತದೆಂದು ನನಗೆ ಗೊತ್ತು.

ಮಕ್ಕಳಿಗೆ ಗೀಳು ಹತ್ತಿಸುವ ವಿಷಯವನ್ನು ಪತ್ರಿಕೆ ಏಕೆ ಮುದ್ರಿಸಬೇಕು ಎಂದು ಕೆಲವರು ಬರೆಯುತ್ತಾರೆ. ನಮ್ಮ ಮನೆಯಲ್ಲೂ ರಾತ್ರಿ ಹತ್ತಕ್ಕೆ ಫೋನ್ ಬೀರುವಿನ ಮೇಲೆ ಹೋಗುತ್ತದೆ, ನನ್ನದೂ ಸೇರಿ. ಹಣ ಕಟ್ಟಿ ಆಡುವ ಆಟದ ಮಾತು ಬೇರೆ. ಅದನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ನಿಷೇಧಿಸಿತು, ಅದೇ ಕಾನೂನು ಇ-ಸ್ಪೋರ್ಟ್ಸ್‌ಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೊ ಆಟಗಳಿಗೆ, ಉತ್ತೇಜನ ಕೊಡಬೇಕೆಂದೂ ಹೇಳಿತು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇದಕ್ಕೂ ಪದಕವಿತ್ತು. ಅಷ್ಟು ಸಾಕು.

ನನ್ನ ಕೋರಿಕೆ ಒಂದೇ. ಆ ಪುಟದಲ್ಲಿ ಇಂಥ ಬರಹ ಹಾಕುವುದಾದರೆ ಒಂದು ಆಟ, ಒಂದು ಕಾಳಗ ಹಿಡಿದು ಹಾಕಿ. ಬರೆದವರು ಆ ಕಾಳಗದಲ್ಲಿ ಒಮ್ಮೆಯಾದರೂ ಸೋತಿರಲಿ, ಹೇಗೆ ಸೋತರೆಂದು ಬರೆದಿರಲಿ. ಅಚ್ಚಿಗೆ ಕಳಿಸುವ ಮೊದಲು ಆಟ ಆಡುವ ಒಬ್ಬ ಹುಡುಗನಿಗೆ ಅದನ್ನು ಕೊಟ್ಟು ನೋಡಿ. ‘ನಾನು ಮೊದಲು ಏನು ಮಾಡಬೇಕು’ ಎಂದು ಅವನು ಕೇಳಿದರೆ ಬರಹವನ್ನು ಲೇಖಕರಿಗೆ ವಾಪಸು ಕಳಿಸಿ.

ಪತ್ರ ಉದ್ದವಾಯಿತು, ಕ್ಷಮೆಯಿರಲಿ. ಇಂದು ನಮಗೆ ಯುದ್ಧವಿದೆ. ಈ ಸಲ ಚೀಟಿ ಬರೆಯುವ ಸರದಿ ಮೊಮ್ಮಗನದು, ಈಗಷ್ಟೇ ಮೈಸೂರಿನಿಂದ ಬಂತು: ‘ತಾತ: 12ನೇ ಬೇಸ್. 9.15. ಬಲ ಮೂಲೆ. ಹೀಲರ್ ಬೇಡವೇ ಬೇಡ. ಕನ್ನಡಕ ಹಾಕಿಕೊಳ್ಳಬೇಕು.’

ತಮ್ಮ ವಿಶ್ವಾಸಿ,
ನಿವೃತ್ತ ಸಂಚಾರ ನಿಯಂತ್ರಕ
ವಿದ್ಯಾನಗರ, ಮಂಡ್ಯ